ಕ್ರೌನ್ ಕೂತ ಮಗ್ಗುಲು

ಈ ದಣಿವು ನಿನಗೆ ಎಲ್ಲಿಂದ ಶುರುವಾಯಿತು ಎಂದು ಯಾರಾದರೂ ಕೇಳಿದ್ದರೆ, ಗಂಡನ ಫೋನಿನಿಂದ ಎಂದು ಮಹಾನಂದಾ ಥಟ್ಟನೆ ಹೇಳುತ್ತಿದ್ದಳು. ಆ ಫೋನು ಉಣ್ಣುವಾಗ ಹೊಡೆದುಕೊಳ್ಳುತ್ತಿತ್ತು, ಹಬ್ಬದ ದಿನ ಹೊಡೆದುಕೊಳ್ಳುತ್ತಿತ್ತು, ಮಗಳ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೂ ಹೊಡೆದುಕೊಂಡಿತ್ತು. ಆ ಕಡೆ ಯಾರೋ ಒಬ್ಬ ಪುಣ್ಯಾತ್ಮ, ತಾತನ ಕಾಲದ ಕಾರೊಂದನ್ನು ನಡುರಸ್ತೆಯಲ್ಲಿ ನಿಲ್ಲಿಸಿಕೊಂಡು, "ರೇವಣ್ಣಾ, ಗೇರ್ ಬೀಳ್ತಿಲ್ಲ ಕಣಪ್ಪಾ" ಎಂದು ಗೋಳಾಡುತ್ತಿರುತ್ತಿದ್ದ. ಅವನ ಗೋಳು ಇವರಿಗೇಕೆ? ಆದರೆ ರೇವಣಸಿದ್ದ ತಟ್ಟೆ ಸರಿಸಿ ಎದ್ದೇಬಿಡುತ್ತಿದ್ದ.

ರೇವಣಸಿದ್ದ ಸಿಂದಗಿ ಕಡೆಯಿಂದ ಬೆಂಗಳೂರಿಗೆ ಬಂದದ್ದು ಗಾರೆ ಕೆಲಸಕ್ಕೆ. ಸಿಮೆಂಟು ಹೊತ್ತು ಬೇಸತ್ತು ಪೀಣ್ಯದ ಗ್ಯಾರೇಜೊಂದಕ್ಕೆ ಸೇರಿಕೊಂಡವನು, ಅಲ್ಲಿದ್ದ ಒಬ್ಬ ಮುದಿ ಮೇಸ್ತ್ರಿಯ ಕೈಕೆಳಗೆ ಗೇರ್‌ಬಾಕ್ಸಿನ ಕೆಲಸ ಕಲಿತ. ಈಗ ಪೀಣ್ಯದ ಎರಡನೇ ಹಂತದಲ್ಲಿ, ಚಿಕ್ಕಬೈರಪ್ಪ ಎಂಬ ಗೌಡರಿಂದ ಬಾಡಿಗೆಗೆ ಹಿಡಿದ ಜಾಗದಲ್ಲಿ, ಅವನದೇ ಒಂದು ತಗಡಿನ ಶೆಡ್ಡು. ಹೊಸ ಕಾರುಗಳನ್ನು ಅವನು ಮುಟ್ಟುತ್ತಿರಲಿಲ್ಲ. ಅಂಬಾಸಡರ್, ಹಳೆಯ ಫಿಯಟ್, ಹೆರಾಲ್ಡ್, ಬೀಟಲ್ ಇಂಥವುಗಳ ಗೇರ್‌ಬಾಕ್ಸ್ ಬಿಚ್ಚಿ, ಸವೆದದ್ದನ್ನು ಬದಲಿಸಿ, ಎಲ್ಲೂ ಸಿಗದ್ದನ್ನು ಪಕ್ಕದ ಲೇತಿನಲ್ಲಿ ಮಾಡಿಸಿ, ಮತ್ತೆ ಜೋಡಿಸಿಕೊಡುವುದಷ್ಟೇ ಅವನ ಕಸುಬು. ಊರಲ್ಲಿ ಇಂಥ ಕಾರಿನ ಹುಚ್ಚಿರುವವರು ಎಷ್ಟು ಜನ ಇದ್ದಾರೋ ಅಷ್ಟೂ ಜನಕ್ಕೆ ಅವನ ನಂಬರು ಗೊತ್ತಿತ್ತು.

ಕೆಲಸ ಒಂದೇ ಆಗಿದ್ದರೆ ಮಹಾನಂದಾ ಸಹಿಸಿಕೊಳ್ಳುತ್ತಿದ್ದಳೇನೋ. ಅದರ ಜೊತೆ ಅವನದೊಂದು ಉಪಚಾರ ಬೇರೆ. ಬಾಕ್ಸು ಬಿಚ್ಚಿದ ಮೇಲೆ ಗಿರಾಕಿಯನ್ನು ಕರೆಸಿ, ಚಾಪೆಯ ಮೇಲೆ ಒಂದೊಂದೇ ಹಲ್ಲುಚಕ್ರ ಇಟ್ಟು, ಇದು ಚೆನ್ನಾಗಿದೆ, ಇದು ಹೋಗಿದೆ ಎಂದು ಮದುವೆ ಸೀರೆ ತೋರಿಸುವವನ ಹಾಗೆ ತೋರಿಸುತ್ತಿದ್ದ. ತೆಗೆದ ಹಳೆಯ ಸಾಮಾನನ್ನೆಲ್ಲ ತೊಳೆದು, ಬಟ್ಟೆಯಲ್ಲಿ ಕಟ್ಟಿ ವಾಪಸು ಕೊಡುತ್ತಿದ್ದ. ಕೆಲಸ ಮುಗಿಸಿ ಕೊಟ್ಟ ಮೇಲೂ ಅವನಿಗೆ ನೆಮ್ಮದಿಯಿಲ್ಲ. ಒಮ್ಮೆ ಉಣ್ಣುತ್ತಾ ಕೂತಿದ್ದವನಿಗೆ, ಯಾವತ್ತೋ ಕಳಿಸಿದ ಒಂದು ಹೆರಾಲ್ಡಿನ ಬೋಲ್ಟನ್ನು ಸರಿಯಾಗಿ ಬಿಗಿದೆನೋ ಇಲ್ಲವೋ ಎಂಬ ಅನುಮಾನ ಬಂತು. ಬಸ್ಸು ಬದಲಿಸಿ ಬದಲಿಸಿ ಕಾಡುಗೋಡಿಗೆ ಹೋಗಿ, ಬಾಗಿಲು ಬಡಿದು, "ಸಾರ್, ನನ್ನ ಕೆಲಸದ ಮ್ಯಾಲ ನನಗ ಡೌಟ್ ಬಂದೈತ್ರಿ, ಒಂದ್ ಸಲ ನೋಡ್ತೀನ್ರಿ" ಎಂದನಂತೆ. ಬೋಲ್ಟು ಬಿಗಿಯಾಗಿಯೇ ಇತ್ತು. ಹೋಗಿ ಬರುವುದರಲ್ಲಿ ಇಡೀ ದಿನ ಹಾಳು.

"ಅವ್ರೇನ್ ಕೇಳಿದ್ರೇನ್ರಿ? ಸುಮ್ನಿದ್ದಿದ್ರ ಏನಾಗ್ತಿತ್ತು?" ಎಂದು ಅವಳು ಸಿಡುಕಿದ್ದಳು.

"ಅವ್ರಿಗ ಗೊತ್ತಿಲ್ಲಲ್ಲ, ಅದಕ್ಕ ಹೋಗಿದ್ನಿ. ಗೊತ್ತಿದ್ರ ಅವ್ರೇ ಬರ್ತಿದ್ರು," ಎಂದು ಅವನು ಕೈ ತೊಳೆದಿದ್ದ.

ಇಂಥವನ ಜೊತೆ ವಾದ ಮಾಡಿ ಏನು ಪ್ರಯೋಜನ?

ಕೆಲಸಕ್ಕಿದ್ದ ಹುಡುಗರೆಲ್ಲ ಪಿ.ಎಫ್. ಇರುವ ಫ್ಯಾಕ್ಟರಿಗಳಿಗೆ ಹೋದ ಮೇಲೆ ಮಹಾನಂದಾಳೇ ಶೆಡ್ಡಿಗೆ ಬರತೊಡಗಿದ್ದಳು. ಸಾಮಾನು ತೊಳೆದು ಕೊಡುವುದು, ಹಿಡಿ ಎಂದಾಗ ಹಿಡಿಯುವುದು, ಎತ್ತು ಎಂದಾಗ ಎತ್ತುವುದು. ಕಲಿಯಬೇಕೆಂದು ಕಲಿತವಳಲ್ಲ ಅವಳು. ವರ್ಷಗಟ್ಟಲೆ ಅನ್ನ ಬೇಯುವ ಸದ್ದು ಕೇಳಿದವಳಿಗೆ ಗಂಜಿ ಉಕ್ಕುವ ಹೊತ್ತು ಗೊತ್ತಾಗುವ ಹಾಗೆ ಗೊತ್ತಾಗಿಹೋಗಿತ್ತು, ಅಷ್ಟೆ. ಕೈಗೆ ಹತ್ತಿದ ಎಣ್ಣೆಯ ವಾಸನೆ ರೊಟ್ಟಿಹಿಟ್ಟಿಗೂ ಹತ್ತುತ್ತಿತ್ತು. ಹೊರಗೆ ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಎದ್ದು ನಿಂತು, ಧೂಳು ಶೆಡ್ಡಿನೊಳಗೂ ಬಂದು ಕೂರುತ್ತಿತ್ತು.

ಈಚೆಗೆ ರೇವಣಸಿದ್ದನ ಸೊಂಟ ಕೈಕೊಟ್ಟಿತ್ತು. ಭಾರ ಎತ್ತಿದರೆ ಮುಂದೆ ನಡೆಯುವುದೂ ಕಷ್ಟವಾದೀತು ಎಂದು ಡಾಕ್ಟರು ಹೇಳಿದ್ದರು. ಮಗಳು ನೀಲಾಂಬಿಕಾ ಜಿಗಣಿಯಲ್ಲಿದ್ದಳು. ಅಳಿಯನಿಗೆ ಅಲ್ಲಿ ಖಾಯಂ ನೌಕರಿ, ಮನೆಯ ಪಕ್ಕದಲ್ಲೇ ಒಂದು ರೂಮು ಖಾಲಿ. "ಬಂದ್ಬಿಡ್ರಿ ಅವ್ವಾ, ಎಷ್ಟಂತ ಸಾಯ್ತೀರಿ" ಎಂದು ಅವಳು ಕರೆದು ಕರೆದು ಸೋತಿದ್ದಳು. ಮಹಾನಂದಾಳಿಗೆ ಈಗ ಬೇಕಿದ್ದದ್ದು ಅದೊಂದೇ. ಶೆಡ್ಡಿಗೆ ಬಾಗಿಲು ಹಾಕಿ, ಮೊಮ್ಮಗಳನ್ನು ಆಡಿಸಿಕೊಂಡು, ಫೋನು ಇಲ್ಲದ ಕಡೆ ಕೂತು ಒಂದು ಹೊತ್ತು ಬಿಸಿ ರೊಟ್ಟಿ ತಿನ್ನುವುದು. ಕೇಳಿದಾಗಲೆಲ್ಲ ಅವನು, "ಇದೊಂದ್ ಬಾಕ್ಸ್ ಮುಗೀಲಿ" ಎನ್ನುತ್ತಿದ್ದ. ಆ ಒಂದು ಬಾಕ್ಸು ಇವತ್ತಿನವರೆಗೂ ಮುಗಿದಿರಲಿಲ್ಲ.

ಹೀಗಿರುವಾಗ ಜಾಲಹಳ್ಳಿಯ ಹನುಮಂತರಾಯಪ್ಪನವರ ಬೀಟಲ್ ಬಂತು. ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಒಳ್ಳೆಯ ಮನುಷ್ಯ. ಆಮೆಯಂಥ ಆ ನೀಲಿ ಕಾರನ್ನು ದಿನಾ ಒರೆಸಿ ಒರೆಸಿ ಬಣ್ಣವೇ ತೆಳ್ಳಗಾಗಿತ್ತು. ಅವರ ಹೆಂಡತಿ ವಸಂತಮ್ಮನಿಗೆ ಒಂದು ಕಾಲು ಸರಿಯಿಲ್ಲ, ಕೋಲು ಹಿಡಿದೇ ನಡೆಯುತ್ತಿದ್ದರು.

ಅದಕ್ಕೆ ಮುಂಚೆ ಗಂಡ ಹೆಂಡತಿ ಇಬ್ಬರೂ ಒಂದು ಹಳೆಯ ಕೊಂಬಿ ವ್ಯಾನಿನ ಬಾಕ್ಸು ಮಾಡಿ ಹೈರಾಣಾಗಿದ್ದರು. ಕೊಂಬಿಯದೂ ಬೀಟಲ್ಲಿನದೂ ಅಣ್ಣತಮ್ಮಂದಿರಂಥ ಬಾಕ್ಸುಗಳು. ಆದರೆ ಒಳಗಿರುವ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರ ಆ ವ್ಯಾನಿನಲ್ಲಿ ಒಂದು ಮಗ್ಗುಲಿಗೆ ಕೂರುತ್ತದೆ, ಕಾರಿನಲ್ಲಿ ಇನ್ನೊಂದು ಮಗ್ಗುಲಿಗೆ. ಮಗ್ಗುಲು ತಪ್ಪಿದರೂ ಅದೇನೂ ತಕರಾರು ಮಾಡುವುದಿಲ್ಲ. ಸರಿಯಾಗಿಯೇ ಕೂರುತ್ತದೆ, ಬೋಲ್ಟೂ ಬಿಗಿಯುತ್ತದೆ. ಆದರೆ ಮುಂದಕ್ಕೆ ಹೋಗಬೇಕಾದ ಗೇರುಗಳಲ್ಲೆಲ್ಲ ಕಾರು ಹಿಂದಕ್ಕೆ ಓಡುತ್ತದೆ, ರಿವರ್ಸ್ ಹಾಕಿದರೆ ಮುಂದಕ್ಕೆ ಬರುತ್ತದೆ. ಬೇರೆ ಯಾರೋ ಹಾಗೆ ಕೆಡಿಸಿದ ಕಾರೊಂದು ಹಿಂದೊಮ್ಮೆ ಇವರ ಶೆಡ್ಡಿಗೇ ಬಂದಿತ್ತು. ಆವತ್ತು ರೇವಣಸಿದ್ದ ಹೊಟ್ಟೆ ಹಿಡಿದುಕೊಂಡು ನಕ್ಕು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವುದು ಯಾವ ಮಗ್ಗುಲು ಎಂದು ಬೆರಳಿಟ್ಟು ತೋರಿಸಿದ್ದ.

ರಾಯಪ್ಪನವರ ಬಾಕ್ಸಿಗೆ ಕ್ರೌನ್ ಕೂರಿಸುವಾಗ ಅವನು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದ, ಮುಖ ಬಿಳಿಚಿತ್ತು. ಕೈ ತನ್ನ ಪಾಡಿಗೆ ತಾನು ಕ್ರೌನನ್ನು ಕೊಂಬಿಯ ಮಗ್ಗುಲಿಗೇ ಕೂರಿಸಿತು. ಮಹಾನಂದಾ ಎದುರಿಗೇ ಕೂತು ಡಬ್ಬಿಯಿಂದ ಬೋಲ್ಟು ಎತ್ತಿ ಕೊಡುತ್ತಿದ್ದಳು. ಅವಳು ನೋಡಿದಳು. ಬಾಯಿ ತೆರೆದೂ ಇದ್ದಳು.

ಆಮೇಲೆ ಬಾಯಿ ಮುಚ್ಚಿಕೊಂಡಳು. ಕೆಟ್ಟ ಬುದ್ಧಿಯೇನೂ ಅಲ್ಲ ಅದು, ಸುಸ್ತಾದವಳ ಬುದ್ಧಿ. ಬಾಕ್ಸು ಮುಚ್ಚಿದ ಮೇಲೆ ಅವನು ಕೈಯಲ್ಲೇ ತಿರುಗಿಸಿ ನೋಡುತ್ತಾನಲ್ಲ, ಆಗ ಅವನಿಗೇ ತಿಳಿಯುತ್ತದೆ ಎಂದುಕೊಂಡಳು. ತನ್ನ ತಪ್ಪು ತಾನೇ ಕಂಡರೆ, ನನ್ನ ಕೈಲಿನ್ನು ಆಗುವುದಿಲ್ಲ ಎಂದು ಅವನ ಬಾಯಿಂದಲೇ ಬಂದೀತು. ಹೊರಗಿನವರಾರಿಗೂ ಗೊತ್ತಾಗದೆ, ಗಂಡ ಹೆಂಡತಿಯ ನಡುವೆಯೇ ಮುಗಿದು, ಜಿಗಣಿಗೆ ದಾರಿಯಾದೀತು. ಅಷ್ಟೇ ಅವಳ ಲೆಕ್ಕಾಚಾರ.

ಆದರೆ ಆವತ್ತು ಅವನು ತಿರುಗಿಸಿ ನೋಡಲಿಲ್ಲ. ಸೊಂಟ ಹಿಡಿದುಕೊಂಡು ಗೋಣಿಯ ಮೇಲೆ ಮಲಗಿಬಿಟ್ಟ. ಮಾರನೆಯ ದಿನ ಪಕ್ಕದ ಶೆಡ್ಡಿನವರು ಬಂದು ಕೈಜೋಡಿಸಿ, ಬಾಕ್ಸೂ ಇಂಜಿನ್ನೂ ಕಾರಿಗೆ ಏರಿದವು. ಹೇಳಬೇಕಾದ ಮಾತು ಒಂದೊಂದು ಗಳಿಗೆ ತಡವಾದಷ್ಟೂ ಭಾರವಾಗುತ್ತಾ ಹೋಯಿತು. ಈಗ ಹೇಳಿದರೆ, ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲವೇ? ಹೇಗೂ ಕೊಡುವ ಮುಂಚೆ ಒಂದು ಸುತ್ತು ಓಡಿಸಿ ನೋಡುತ್ತಾನೆ, ಆಗ ತಿಳಿಯಲಿ ಎಂದು ಅವಳು ಆ ಒಂದು ಸುತ್ತಿನ ಮೇಲೆ ಭಾರ ಹಾಕಿ ಸುಮ್ಮನಾದಳು.

ಆ ಸುತ್ತೂ ಆಗಲಿಲ್ಲ. ಶುಕ್ರವಾರ ಬೆಳಿಗ್ಗೆ ಕೊನೆಯ ಬೋಲ್ಟು ಬಿಗಿಯುವ ಹೊತ್ತಿಗೆ ರಾಯಪ್ಪನವರು ಹೆಂಡತಿಯ ಸಮೇತ ಆಟೋದಲ್ಲಿ ಬಂದಿಳಿದರು. ವಸಂತಮ್ಮನ ಕೈಯಲ್ಲಿ ಪೂಜೆಯ ಬುಟ್ಟಿ.

"ರೇವಣ್ಣಾ, ರಾಹುಕಾಲ ಬಂದ್ಬಿಡ್ತದೆ ಕಣಪ್ಪ. ಬೇಗ ಪೂಜೆ ಮುಗಿಸಿ ನಾನೇ ಮೊದಲು ಒಂದು ರೌಂಡ್ ಹೊಡೀತೀನಿ."

"ಸಾರ್, ನಾ ಒಂದ್ ಸುತ್ತ ಹಾಕಿ ನೋಡಿ ಕೊಡ್ತಿದ್ನಿ..."

"ನೀನು ಮಾಡಿದ್ದನ್ನ ನೋಡೋದೇನಯ್ಯಾ ಬಂತು!"

ಇಂಥ ಮಾತಿಗೆ ಯಾವ ಗಂಡಸು ತಾನೇ ಉಬ್ಬುವುದಿಲ್ಲ? ರೇವಣಸಿದ್ದ ನಕ್ಕು ಕೀಲಿಕೈ ಕೊಟ್ಟ. ವಸಂತಮ್ಮ ಕಾರಿನ ಮೂತಿಗೆ ಅರಿಶಿನ ಕುಂಕುಮ ಇಟ್ಟು, ಹೂವು ಏರಿಸಿ, ಕರ್ಪೂರ ಬೆಳಗಿದರು. ನಾಲ್ಕೂ ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟದ್ದಾಯಿತು. ಕಾರು ಮುಂದಕ್ಕೆ ಹೋಗಿ ಅವನ್ನು ಜಜ್ಜಬೇಕು, ಕಣ್ಣೆಸರು ಹೋಗಬೇಕು. ಆ ಹೊತ್ತಿಗೆ ಎದುರಿಗೆ ಯಾರೂ ನಿಲ್ಲಬಾರದೆಂದು ಎಲ್ಲರೂ ಪಕ್ಕಕ್ಕೂ ಹಿಂದಕ್ಕೂ ಸರಿದರು. ವಸಂತಮ್ಮ ಕೋಲೂರಿಕೊಂಡು ನಿಧಾನಕ್ಕೆ ಹೋಗಿ ಕಾರಿನ ಹಿಂಭಾಗಕ್ಕೆ ಸರಿಯಾಗಿ ಕೈಮುಗಿದು ನಿಂತರು. ರಾಯಪ್ಪನವರು ಒಳಗೆ ಕೂತು ಇಂಜಿನ್ ಶುರು ಮಾಡಿದರು.

ಇದನ್ನು ಮಹಾನಂದಾ ಯೋಚಿಸಿರಲಿಲ್ಲ. ಓಡಿಹೋಗಿ ವಸಂತಮ್ಮನ ರಟ್ಟೆ ಹಿಡಿದು, "ಬಿಸಿಲೈತ್ರೀ ಅಮ್ಮಾ, ಈ ಕಡೆ ನೆರಳಿಗೆ ಬರ್ರಿ" ಎಂದು ಎಳೆದಳು. ಎಳೆದ ರಭಸಕ್ಕೆ ಕೋಲು ಕೈತಪ್ಪಿ ಬಿತ್ತು.

ಗೇರು ಬಿತ್ತು. ಬೆಣ್ಣೆಯಲ್ಲಿ ಚಾಕು ಇಳಿದಷ್ಟು ನುಣ್ಣಗೆ. ಕಾರು ಗುರ್ರೆಂದು ಹಿಂದಕ್ಕೆ ಬಂತು. ಕೋಲಿನ ಮೇಲೆ ಹತ್ತಿ, ಲಟಕ್ಕೆಂದು ಅದನ್ನು ಮುರಿದು, ಶೆಡ್ಡಿನ ಗೋಡೆಗೆ ಗೇಣು ದೂರದಲ್ಲಿ ನಿಂತಿತು. ನಿಂಬೆಹಣ್ಣುಗಳು ಇದ್ದಲ್ಲೇ ಇದ್ದವು.

ಪೂಜೆ ನೋಡಲು ಬಂದಿದ್ದ ಪಕ್ಕದ ಶೆಡ್ಡಿನವರು ಬಿದ್ದು ಬಿದ್ದು ನಕ್ಕರು. ಕಿಟಕಿಯಿಂದ ತಲೆ ಹಾಕಿದ ರಾಯಪ್ಪನವರೂ, ಹೆಂಡತಿ ಕ್ಷೇಮವಾಗಿರುವುದನ್ನು ಕಂಡು ಜೀವ ಬಂದಂತಾಗಿ, "ನಮ್ ವಯಸ್ಸಿಗೆ ರಿವರ್ಸೇ ಸಲೀಸು ಬಿಡಯ್ಯಾ" ಎಂದು ನಗಾಡಿದರು. ನಗದಿದ್ದವನು ರೇವಣಸಿದ್ದ ಒಬ್ಬನೇ. ಅವನು ಮುರಿದ ಕೋಲನ್ನು ಎತ್ತಿಕೊಂಡು ನೋಡುತ್ತಾ ನಿಂತಿದ್ದ.

"ಸಾರ್, ಕ್ರೌನ್ ಉಲ್ಟಾ ಕೂಡ್ಸೀನಿ. ತಪ್ಪು ನಂದು. ಅಮ್ಮಾ, ದೇವ್ರು ದೊಡ್ಡಾವ. ನಿಮಗೇನರೆ ಆಗಿದ್ರ ನಾ ಏನ್ ಮಾಡ್ತಿದ್ನಿ?"

"ಅಯ್ಯೋ, ನಿನ್ ಹೆಂಡ್ತಿ ಪುಣ್ಯಾತ್ಗಿತ್ತಿ ಎಳ್ಕೊಂಡ್ಲಲ್ಲಪ್ಪಾ, ಏನೂ ಆಗ್ಲಿಲ್ಲ ಬಿಡು," ಎಂದು ವಸಂತಮ್ಮ ಮಹಾನಂದಾಳ ಕೆನ್ನೆ ಸವರಿದರು. ಆ ಕೈ ತಾಗಿದ ಜಾಗ ಅವಳಿಗೆ ಸಂಜೆಯವರೆಗೂ ಉರಿಯುತ್ತಿತ್ತು.

ಅವರನ್ನು ಆಟೋ ಹತ್ತಿಸಿ ಬಂದವನೇ ರೇವಣಸಿದ್ದ ಚಿಕ್ಕಬೈರಪ್ಪನವರಿಗೆ ಫೋನು ಮಾಡಿದ. ಅವರು ಮೊಪೆಡ್ಡಿನಲ್ಲಿ ಬಂದರು.

"ಯಾಕ್ಲಾ ರೇವಣ್ಣ, ಇಂಗೆ ಇದ್ದಕ್ಕಿದ್ದಂಗೆ ಖಾಲಿ ಮಾಡ್ತೀನಿ ಅಂತೀಯ? ನಾನೇನಾರ ಅಂದ್ನಾ?"

"ಇಲ್ರೀ ಗೌಡ್ರ. ನನ್ನ ಕೈ ಹೋತು. ಈ ಗಾಡಿ ಸರಿ ಮಾಡಿ ಕೊಟ್ಟು ಬಿಡ್ತೀನಿ. ತಿಂಗಳ ಕಡೀಗೆ ಯಾರಿಗರೆ ಕೊಡ್ರಿ."

ವರ್ಷಾನುಗಟ್ಟಲೆ ಹಂಬಲಿಸಿದ ಮಾತು ಅದು. ಮಹಾನಂದಾ ಒಳಗೆ ಸಾಮಾನು ತೊಳೆಯುತ್ತಾ ಅದನ್ನು ಕೇಳಿಸಿಕೊಂಡಳು. ಖುಷಿಯಾಗುತ್ತದೆಂದು ಕಾದಳು. ಏನೂ ಆಗಲಿಲ್ಲ.

ಇಂಜಿನ್ನು ಮತ್ತೆ ಇಳಿಯಿತು, ಬಾಕ್ಸು ಮತ್ತೆ ಬಿಚ್ಚಿತು. ಈ ಸಲ ರೇವಣಸಿದ್ದ ಬೇರೆಯೇ ಮನುಷ್ಯನಾಗಿದ್ದ. ನಿದ್ದೆಗಣ್ಣಿನಲ್ಲೂ ಜೋಡಿಸಬಲ್ಲ ಬೇರಿಂಗನ್ನು ಕೈಯಲ್ಲಿ ಹಿಡಿದು, "ಇದು ಹಿಂಗ ಹೌದಿಲ್ಲ, ಮಾನಂದಾ?" ಎಂದು ಕೇಳುವನು. ಹೌದು ಎಂದರೆ ಕೂರಿಸುವನು, ಮತ್ತೆ ತೆಗೆದು ನೋಡುವನು. ಒಂದು ಸಣ್ಣ ಲಾಕಿನ ರಿಂಗು ಹಾಕುವುದಕ್ಕೇ ಬಟ್ಟೆಯಲ್ಲಿ ಕೈಯೊರೆಸಿ ಒರೆಸಿ ಹೊತ್ತು ಕಳೆದ. ಅದು ಸೊಂಟನೋವಲ್ಲ, ಹೆದರಿಕೆ. ಅವನು ಕೆಲಸ ಬಿಡಲಿ ಎಂದಿದ್ದಳೇ ಹೊರತು ತನ್ನ ಕೈಗೆ ತಾನೇ ಅಂಜಲಿ ಎಂದು ಮಹಾನಂದಾ ಎಂದೂ ಬಯಸಿರಲಿಲ್ಲ. ಹೇಳಿಬಿಡಬೇಕು ಎನ್ನಿಸುವುದು, ಮುಂದಿನ ಬೋಲ್ಟು ಎತ್ತಿ ಕೊಡುವಳು. ಹೀಗೆಯೇ ಕೆಲಸ ಮುಗಿಯಿತು.

ಕೊಡುವ ದಿನ ಅವನು ಕಾರನ್ನು ಕೈಗಾರಿಕಾ ಪ್ರದೇಶದ ಬೀದಿಬೀದಿಯಲ್ಲೂ ಓಡಿಸಿದ. ಆಮೇಲೆ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ತಾನೇ ಜಾಲಹಳ್ಳಿಗೆ ಒಯ್ದ. ವಸಂತಮ್ಮನಿಗೆಂದು ಒಂದು ಹೊಸ ಕೋಲೂ ತಂದಿದ್ದ. ಅಲ್ಲಿ ಮತ್ತೆ ಪೂಜೆ, ಮತ್ತೆ ನಿಂಬೆಹಣ್ಣು. ಈ ಸಲ ನಾಲ್ಕೂ ಪಚಕ್ಕೆಂದವು. ರಾಯಪ್ಪನವರು ಮರಗಳ ನೆರಳಿನ ಆ ಬೀದಿಯ ತುದಿಯವರೆಗೂ ಹೋಗಿ, ಹೊಸ ಮದುಮಗನ ಕಳೆಯಲ್ಲಿ ವಾಪಸು ಬಂದರು. ವಸಂತಮ್ಮ ಕೇಸರಿಬಾತು ಕೊಟ್ಟು, ಮಹಾನಂದಾಳ ಮಡಿಲಿಗೆ ಒಂದು ರವಿಕೆ ಬಟ್ಟೆ ಹಾಕಿದರು. "ನನ್ ಪ್ರಾಣ ಉಳಿಸಿದವಳಲ್ವೇನಮ್ಮಾ" ಎಂದರು.

ಅಲ್ಲಿಂದ ಇಬ್ಬರೂ ನಡೆದು ಬಸ್‌ಸ್ಟಾಪಿಗೆ ಬಂದರು. ಕಲ್ಲುಬೆಂಚಿನ ಮೇಲೆ ಬೇರೆ ಯಾರೂ ಇರಲಿಲ್ಲ. ಅವನು ಸೊಂಟಕ್ಕೆ ಕೈಯಾನಿಸಿಕೊಂಡು ಮೆಲ್ಲಗೆ ಕೂತ.

"ಮಾನಂದಾ."

"ಹೂಂ."

"ಆವತ್ತ ಆ ಅಮ್ಮನ್ನ ಯಾಕ ಎಳ್ದಿ?"

ಬಿಸಿಲಿತ್ತು ಎನ್ನಲು ಹೊರಟಳು. ಮಡಿಲಲ್ಲಿ ಆ ರವಿಕೆ ಬಟ್ಟೆ ಇತ್ತು.

"ಗಾಡಿ ಹಿಂದಕ್ಕ ಬರ್ತೈತಿ ಅಂತ ಗೊತ್ತಿತ್ರಿ."

"ಕ್ರೌನ್ ಕೂಡ್ಸುವಾಗ ನೋಡಿದ್ದಿ?"

"ನೋಡಿದ್ನಿ."

ಅವನು ಅವಳ ಕಡೆ ತಿರುಗಲಿಲ್ಲ. ಒಮ್ಮೆ ಕಟ್ಟೆಯೊಡೆದ ಮೇಲೆ ಅವಳೂ ಉಳಿಸಿಕೊಳ್ಳಲಿಲ್ಲ. "ನೀವು ಬಾಗ್ಲಾ ಹಾಕ್ಲಿ ಅಂತ ಸುಮ್ನಿದ್ನಿ. ನನಗ ಸಾಕಾಗಿತ್ರಿ. ನೀವ ತಿರುಗ್ಸಿ ನೋಡ್ತೀರಿ, ನಿಮಗ ತಿಳೀತೈತಿ ಅಂತ ಮಾಡಿದ್ನಿ. ನಿಮ್ಮ ಕೈಗೆ ಏನೂ ಆಗಿಲ್ರಿ. ಕೊಂಬಿ ಗುಂಗಿನ್ಯಾಗ ಒಂದ್ ಸಲ ಮರ್ತೀರಿ, ಅಷ್ಟ. ನಿಮ್ಮ ಕೈ ಚೊಲೋ ಐತಿ."

ಇಷ್ಟು ಕೇಳಿದರೆ ಅವನ ಹೆದರಿಕೆಯಾದರೂ ಬಿಡುತ್ತದೆ ಎಂದು ಅವಳ ಆಸೆ. ಬೈದರೆ ಬೈಯಲಿ, ನಾಲ್ಕು ಜನರ ಮುಂದೆಯೇ ಬೈಯಲಿ. ಅವನು ಬೈಯಲಿಲ್ಲ.

"ನನಗ ಹೇಳ್ಲಿಲ್ಲ, ಹೋಗ್ಲಿ," ಎಂದ. "ನನ್ನ ಮ್ಯಾಲ ನಿನಗ ಸಿಟ್ಟಿತ್ತು. ಇರ್ಬೇಕಾದ್ದ. ರಾಯಪ್ಪೋರು ಏನ್ ಮಾಡಿದ್ರು? ಆ ತಾಯಿ ಏನ್ ಮಾಡಿತ್ತು?"

ಅವಳು ಸೆರಗಿನ ತುದಿ ಹಿಂಡುತ್ತಾ ಕೂತಳು.

"ಈಗ್ಲೇ ವಾಪಸ್ ಹೋಗಿ, ಕಾಲಿಗೆ ಬಿದ್ದು ಹೇಳ್ತೀನ್ರಿ. ನೀವು ಬೈರಪ್ಪೋರಿಗೆ ಫೋನ್ ಹಚ್ಚಿ, ಖಾಲಿ ಮಾಡೂದಿಲ್ಲ ಅನ್ರಿ. ಜಿಗಣಿ ಬ್ಯಾಡ. ನಾ ಇನ್ ಮ್ಯಾಲ ಏನೂ ಅನ್ನೂದಿಲ್ಲ."

"ಹೇಳು. ಹೇಳಾಕ ಬೇಕು. ನಾಳೆ ನಾನೂ ಬರ್ತೀನಿ." ಅವನು ಬಸ್ಸು ಬರುವ ದಾರಿಯ ಕಡೆ ನೋಡಿದ. "ಶೆಡ್ ಮಾತ್ರ ಬ್ಯಾಡ. ಕೈ ಹೋಗಿದ್ರ ಯಾರನ್ನರೆ ಇಟ್ಕೊಂಡು ನಡಸ್ತಿದ್ನಿ. ಕಣ್ಣ ಹೋಗಿದ್ರ ನಿನ್ನ ಕಣ್ಣೀಲೆ ನೋಡ್ತಿದ್ನಿ. ಈಗ ಯಾರ ಕಣ್ಣೀಲೆ ನೋಡ್ಲಿ, ಹೇಳು."

ಬಸ್ಸು ಬಂತು. ಎಂದಿನಂತೆ ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು, ಅವನು ಹಿಂದಿನಿಂದ. ನಡುವೆ ಫ್ಯಾಕ್ಟರಿ ಬಿಟ್ಟ ಜನ, ಊಟದ ಚೀಲಗಳು, ಬೆವರು. ಬೇಕೆಂದದ್ದೆಲ್ಲ ಅವಳಿಗೆ ಸಿಕ್ಕಿತ್ತು. ತಿಂಗಳ ಕೊನೆಗೆ ಜಿಗಣಿ, ಮೊಮ್ಮಗಳು, ಬಿಸಿ ರೊಟ್ಟಿ. ಕಂಬಿ ಹಿಡಿದುಕೊಂಡು, ಸೆರಗು ಬಾಯಿಗೊತ್ತಿ ಸದ್ದಾಗದಂತೆ ಅತ್ತಳು.

"ಎಲ್ಲಿಗಮ್ಮಾ?" ಎಂದ ಕಂಡಕ್ಟರು.

"ಹಿಂದ್ ತಗೋತಾರ್ರೀ," ಎಂದಳು ಅಭ್ಯಾಸದಂತೆ. ಅಂದ ಮೇಲೆ, ಇವತ್ತು ತನಗೂ ಸೇರಿಸಿ ತಗೊಳ್ಳುತ್ತಾರೋ ಇಲ್ಲವೋ ಎನ್ನಿಸಿತು.

ಕಂಡಕ್ಟರು ಜನರ ನಡುವೆ ತೂರಿಕೊಂಡು ಹಿಂದೆ ಹೋಗುವವರೆಗೂ ಅವಳು ತಿರುಗಿ ನೋಡದೆ ಕಿವಿಯೊಂದನ್ನೇ ಅತ್ತ ಕೊಟ್ಟು ನಿಂತಿದ್ದಳು. ಬಸ್ಸು ತಿರುವಿನಲ್ಲಿ ಹೊರಳಿತು, ಯಾರೋ ಕಾಲು ತುಳಿದರು. ಬಹಳ ಹೊತ್ತಿನ ಮೇಲೆ ಆ ಗದ್ದಲದಲ್ಲಿ ಅವನ ದನಿ ಕೇಳಿಸಿತು.

"ಎರಡು ಕೊಡ್ರಿ. ಮುಂದ ನಮ್ಮಕಿ ನಿಂತಾಳ."